ಬಾಹ್ಯಾಕಾಶದಿಂದ ಸೌರವಿದ್ಯುತ್: ವೆಚ್ಚದ ವಿವರ

ಬಾಹ್ಯಾಕಾಶದಲ್ಲಿ ಸೌರಫಲಕಗಳನ್ನು ಸ್ಥಾಪಿಸಿ, ಉತ್ಪಾದನೆಯಾದ ವಿದ್ಯುತ್ತನ್ನು ಮೈಕ್ರೋವೇವ್ ತರಂಗಗಳ ರೂಪದಲ್ಲಿ ಭೂಮಿಗೆ ರವಾನಿಸುವ ವಿಧಾನವನ್ನು 1968ರಲ್ಲಿ ಅಮೆರಿಕದ ಪೀಟರ್ ಗ್ಲೇಸರ್ ಅವರು ಪ್ರತಿಪಾದಿಸಿದರು. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಮೋಡಗಳ ಅಡ್ಡಿಯಿರುವುದಿಲ್ಲ. ವರ್ಷದ ಬಹುಪಾಲು ದಿನಗಳಲ್ಲಿ ಅಹೋರಾತ್ರಿ ಬಿಸಿಲು ಲಭ್ಯವಿರುತ್ತದೆ.

ಪ್ರತಿ ಯೂನಿಟ್‌ನ ವೆಚ್ಚ:
ಅಮೆರಿಕದ ನಾಸಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, 2050ರ ವೇಳೆಗೆ ಕಾರ್ಯಾರಂಭ ಮಾಡಬಹುದಾದ ಎರಡು ವಿನ್ಯಾಸಗಳನ್ನು ಪರಿಶೀಲಿಸಲಾಗಿದೆ. ಅದರನ್ವಯ ಬಾಹ್ಯಾಕಾಶ ವಿದ್ಯುತ್ತಿಗೆ ಯೂನಿಟ್ ಒಂದಕ್ಕೆ 61 ಹಾಗೂ 159 ಅಮೆರಿಕನ್ ಸೆಂಟ್ ತಗಲುತ್ತದೆ. ಭೂಮಿಯ ಮೇಲಿನ ನವೀಕರಿಸಬಹುದಾದ ಮೂಲಗಳಿಗೆ ತಗಲುವುದು 2ರಿಂದ 5 ಸೆಂಟ್ ಮಾತ್ರ.

ವ್ಯತ್ಯಾಸಕ್ಕೆ ಕಾರಣ:
ಸಾವಿರಾರು ಟನ್ ಸಾಮಗ್ರಿಯ ಉಡಾವಣೆಯೇ ವೆಚ್ಚದ ಅತಿ ದೊಡ್ಡ ಭಾಗವಾಗಿರುತ್ತದೆ. ಅಲ್ಲದೆ, ವಿದ್ಯುತ್ತು ತರಂಗವಾಗಿ, ತರಂಗವು ಪುನಃ ವಿದ್ಯುತ್ತಾಗಿ ಪರಿವರ್ತನೆಗೊಳ್ಳುವ ಪ್ರತಿ ಹಂತದಲ್ಲಿಯೂ ಶಕ್ತಿಯ ನಷ್ಟವುಂಟಾಗುತ್ತದೆ. ಉಡಾವಣಾ ದರ ತಗ್ಗಿ, ಉಪಕರಣಗಳ ಬಾಳಿಕೆ ಹಾಗೂ ದಕ್ಷತೆ ಹೆಚ್ಚಿದಲ್ಲಿ ಈ ಅಂತರವು ಗಣನೀಯವಾಗಿ ಕಿರಿದಾಗಬಹುದೆಂದು ವರದಿಯು ತಿಳಿಸುತ್ತದೆ.

ಅರ್ಜಿದಾರರ ಗಮನಕ್ಕೆ:
ಈ ವಿಧಾನದಿಂದ ಗ್ರಾಹಕರಿಗೆ ವಿದ್ಯುತ್ ಪೂರೈಸುವ ಯಾವುದೇ ಸ್ಥಾವರವು ಪ್ರಸ್ತುತ ಜಗತ್ತಿನಲ್ಲಿರುವುದಿಲ್ಲ. ಆದುದರಿಂದ ಮೇಲ್ಛಾವಣಿ ಸೌರಘಟಕ ಅಳವಡಿಸಲು ಇಚ್ಛಿಸುವವರು ಇದಕ್ಕಾಗಿ ಕಾಯದೆ, ಘಟಕದ ಬೆಲೆಯನ್ನು ತಮ್ಮ ಮಾಸಿಕ ವಿದ್ಯುತ್ ಬಿಲ್ಲಿನೊಂದಿಗೆ ಹೋಲಿಸಿ ನಿರ್ಧರಿಸುವುದು ಸೂಕ್ತ.