ಸನದು ಮೊದಲು, ಸಿರಾ ಆಮೇಲೆ

ಸಿರಾ ಕೋಟೆಯ ಈ ಕಂದಕದ ಬಳಿ ಕ್ಷಣಕಾಲ ನಿಲ್ಲಿರಿ. 1687ರಿಂದ ಮೊಗಲರ ಪ್ರಾಂತ್ಯಕ್ಕೆ ರಾಜಧಾನಿಯಾಗಿದ್ದು, 1757ರಲ್ಲಿ ಮರಾಠರ ವಶವಾದ ಈ ಪಟ್ಟಣವು, ಪಾಣಿಪತ್ತಿನ ಪರಾಜಯದಿಂದ ಅವರ ಬಲವು ಕುಗ್ಗಿದ್ದ 1761ರಲ್ಲಿ, ಅಪೂರ್ವವಾದೊಂದು ರಾಜತಾಂತ್ರಿಕ ಸಮಾಲೋಚನೆಗೆ ವಸ್ತುವಾಯಿತು. ಮೈಸೂರಿನಲ್ಲಿ ತನ್ನ ಪ್ರತಿಸ್ಪರ್ಧಿಯಾದ ಖಂಡೇರಾಯನನ್ನು ಸೋಲಿಸಿ, ದೊರೆಯನ್ನು ಸಿಂಹಾಸನದ ಮೇಲೆಯೇ ಉಳಿಸಿ, ಅಧಿಕಾರವನ್ನು ಮಾತ್ರ ಕೈಗೆ ತೆಗೆದುಕೊಂಡಿದ್ದ ಹೈದರಾಲಿಗೆ ನೆರೆಯವರ ಮನ್ನಣೆ ಬೇಕಾಗಿತ್ತು. ಹೊಸಕೋಟೆಯನ್ನು ಮುತ್ತಿ ಕುಳಿತಿದ್ದ, ನಿಜಾಮ ಮನೆತನದ ಬಸಾಲತ್ ಜಂಗನಿಗೆ ಹಣ ಬೇಕಾಗಿತ್ತು. 3 ಲಕ್ಷ ರೂಪಾಯಿಗಳ ನಜರಾನೆಗೆ ಪ್ರತಿಯಾಗಿ, ತನ್ನ ಕೈಯಲ್ಲೇ ಇಲ್ಲದ ಸಿರಾದ ನವಾಬಗಿರಿಯನ್ನು ಆತನು ಹೈದರನಿಗೆ ದಯಪಾಲಿಸಿದನು! ಇದರ ಸನದು, ಎಂದರೆ ಅಧಿಕಾರಪತ್ರ, ಸಿದ್ಧವಾದ ಬಳಿಕವೇ ಮಿತ್ರಸೇನೆಗಳು ಹೊಸಕೋಟೆ, ದೊಡ್ಡಬಳ್ಳಾಪುರಗಳನ್ನು ಹಿಡಿದು ಸಿರಾವನ್ನು ಗೆದ್ದವು. ಬಿರುದಿಗೆ ಇಷ್ಟು ಬೆಲೆಯೇಕೆಂದರೆ, ಖಡ್ಗದಿಂದ ಪಡೆದುದಕ್ಕೆ ಧರ್ಮಸಮ್ಮತವಾದ ಹೆಸರನ್ನು ಕೊಡಬಲ್ಲುದು ಅಂದು ಆ ಕಾಗದವೊಂದೇ ಎಂದು ನಾನು ನಂಬುತ್ತೇನೆ. ಆದರೆ 1767ರಲ್ಲಿ ಪೇಶ್ವೆ ಮಾಧವರಾಯನು ದಂಡೆತ್ತಿ ಬಂದಾಗ, ಹೈದರನ ಭಾವಮೈದುನನಾದ ಮೀರ್ ರಜಾನೇ ಸಿರಾವನ್ನು ಒಪ್ಪಿಸಿಕೊಟ್ಟನು. ಯಾವ ಸಮಾಲೋಚನೆಗೂ ಯಾರೂ ಕರೆಯದ, ಹೈದರನ ಕೈಗೆ ರಾಜ್ಯವನ್ನು ಕಳೆದುಕೊಂಡು ಮಧುಗಿರಿಯ ದುರ್ಗದಲ್ಲಿ ಸೆರೆಯಾಗಿದ್ದ ಬಿದನೂರಿನ ರಾಣಿ ವೀರಮ್ಮಾಜಿಗೆ ಬಿಡುಗಡೆಯಾದುದೂ ಅದೇ ದಂಡಯಾತ್ರೆಯಲ್ಲಿ.