ಚಿಕ್ಕವರ ಕಪ್, ದೊಡ್ಡವರ ನೆರಳು

ಕಾಲ್ಚೆಂಡಾಟವು ಇಂಗ್ಲೆಂಡಿನ ಜನಜೀವನದಲ್ಲಿ ಆಳವಾಗಿ ಬೇರೂರಿರುವ ಆಟ. ಅಲ್ಲಿನ ಸಣ್ಣ ಪಟ್ಟಣಗಳಿಗೂ ತಮ್ಮದೇ ಆದ ಕ್ಲಬ್ಬುಗಳಿವೆ. ತಾತ, ಮಗ, ಮೊಮ್ಮಗ ಮೂವರೂ ಒಂದೇ ಕ್ಲಬ್ಬಿನ ಅಭಿಮಾನಿಗಳಾಗಿರುವುದುಂಟು. ಈ ಕ್ಲಬ್ಬುಗಳು ಏಣಿಯ ಮೆಟ್ಟಿಲುಗಳಂತೆ ಹಂತಹಂತವಾಗಿ ನಿಂತಿವೆ. ಮೇಲಿನ ಹಂತದಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್ಬುಗಳು. ಅದರ ಕೆಳಗಿನ ಮೂರು ಹಂತಗಳಲ್ಲಿ 72 ಕ್ಲಬ್ಬುಗಳು. ಮೇಲಿನವರಿಗೆ ಟೆಲಿವಿಷನ್ ಪ್ರಸಾರದಿಂದ ಅಪಾರವಾದ ಹಣ ಬರುತ್ತದೆ. ಕೆಳಗಿನವರಿಗೆ ಪ್ರೇಕ್ಷಕರ ಟಿಕೇಟಿನ ಹಣವೇ ದೊಡ್ಡ ಆಸರೆ.

ಮೂರನೆಯ ಮತ್ತು ನಾಲ್ಕನೆಯ ಹಂತದ ಕ್ಲಬ್ಬುಗಳಿಗೆಂದೇ 1983-84ರಲ್ಲಿ ಒಂದು ಕಪ್ ಪಂದ್ಯಾವಳಿ ಆರಂಭವಾಯಿತು. ಇಂದು ಅದಕ್ಕೆ ಇ.ಎಫ್.ಎಲ್. ಟ್ರೋಫಿ ಎಂದು ಹೆಸರು. ಅದರ ಅಂತಿಮ ಪಂದ್ಯ ನಡೆಯುವುದು ಲಂಡನ್ನಿನ ಪ್ರಸಿದ್ಧವಾದ ವೆಂಬ್ಲಿ ಕ್ರೀಡಾಂಗಣದಲ್ಲಿ. ಆ ಹಸಿರು ನೆಲದ ಮೇಲೆ ತಮ್ಮೂರಿನ ತಂಡವು ಆಡುವುದನ್ನು ಕಾಣುವುದು ಚಿಕ್ಕ ಊರಿನವರ ಬಹುದಿನದ ಕನಸು. 2019ರಲ್ಲಿ ಪೋರ್ಟ್ಸ್‌ಮತ್ ಮತ್ತು ಸಂಡರ್‌ಲೆಂಡ್ ತಂಡಗಳು ಸೆಣಸಿದಾಗ 85,021 ಮಂದಿ ಪ್ರೇಕ್ಷಕರು ನೆರೆದಿದ್ದರೆಂದರೆ ಆ ಕನಸಿನ ಬಲ ಎಷ್ಟೆಂಬುದು ಅರಿವಾದೀತು.

2016-17ರಲ್ಲಿ ಈ ಪಂದ್ಯಾವಳಿಯ ಸ್ವರೂಪವೇ ಬದಲಾಯಿತು. ದೊಡ್ಡ ಕ್ಲಬ್ಬುಗಳ ಕಿರಿಯ ಆಟಗಾರರ 16 ತಂಡಗಳಿಗೆ ಇದರಲ್ಲಿ ಸ್ಥಾನ ದೊರೆಯಿತು. ಎಳೆಯ ಆಟಗಾರರು ಅನುಭವಿಗಳೊಡನೆ ಆಡಿ ಪಳಗಲಿ, ಅದರಿಂದ ದೇಶದ ತಂಡಕ್ಕೂ ಹಿತವಾಗಲಿ ಎಂಬುದು ಇದರ ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಅನೇಕ ಅಭಿಮಾನಿಗಳಿಗೆ ಇದು ರುಚಿಸಲಿಲ್ಲ. "ನಮ್ಮ ಕಪ್ ದೊಡ್ಡವರ ಅಭ್ಯಾಸದ ಅಂಗಳವಾಗಬೇಕೆ?" ಎಂಬುದು ಅವರ ಪ್ರಶ್ನೆ. ಅವರಲ್ಲಿ ಹಲವರು ಪಂದ್ಯಗಳನ್ನು ಬಹಿಷ್ಕರಿಸಿದರು. ದುರ್ಬಲ ತಂಡವನ್ನು ಇಳಿಸಿದ ಕಾರಣಕ್ಕೆ ಲೂಟನ್ ಮತ್ತು ಪೋರ್ಟ್ಸ್‌ಮತ್ ಕ್ಲಬ್ಬುಗಳಿಗೆ ತಲಾ 15,000 ಪೌಂಡುಗಳ ದಂಡ ಬಿದ್ದಿತು. ದೊಡ್ಡವರ ಕಿರಿಯರಿಗೆ ಸ್ವಾಗತ. ಚಿಕ್ಕವರು ತಮ್ಮ ಕಿರಿಯರನ್ನು ಆಡಿಸಿದರೆ ದಂಡ! 2018ರಲ್ಲಿ ಚೆಲ್ಸಿಯ ಕಿರಿಯರು ಉಪಾಂತ್ಯದವರೆಗೆ ಬಂದು, ನಾಲ್ಕನೆಯ ಹಂತದ ಲಿಂಕನ್ ಸಿಟಿ ತಂಡಕ್ಕೆ ಪೆನಾಲ್ಟಿ ಒದೆತಗಳಲ್ಲಿ ಸೋತರು. ಆ ವರ್ಷದ ಕಪ್ ಲಿಂಕನ್ನಿನದಾಯಿತು.

ದೊಡ್ಡವರ ಪ್ರಭಾವ ಇಷ್ಟಕ್ಕೇ ನಿಂತಿಲ್ಲ. 1871ರಲ್ಲಿ ಆರಂಭವಾದ ಎಫ್.ಎ. ಕಪ್ಪಿನಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಆಡುತ್ತಾರೆ. ಪಂದ್ಯವು ಸಮವಾದರೆ ಎದುರಾಳಿಯ ಊರಿನಲ್ಲಿ ಮತ್ತೊಮ್ಮೆ ಆಡುವ ಪದ್ಧತಿ ಇತ್ತು. 2005ರಲ್ಲಿ ಐದನೆಯ ಹಂತದಲ್ಲಿದ್ದ ಎಕ್ಸೆಟರ್ ಸಿಟಿಯು ಮ್ಯಾಂಚೆಸ್ಟರ್ ಯುನೈಟೆಡ್ಡಿನ ಅಂಗಳದಲ್ಲೇ ಗೋಲಿಲ್ಲದೆ ಸಮಸಾಧಿಸಿತು. ಮರುಪಂದ್ಯದಲ್ಲಿ ಅದು ಸೋತರೂ, ಆ ಎರಡು ಪಂದ್ಯಗಳ ವರಮಾನವು ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು ದಡ ಸೇರಿಸಲು ನೆರವಾಯಿತು. 2024-25ರಿಂದ ಮೊದಲನೆಯ ಸುತ್ತಿನಿಂದಾಚೆಗೆ ಮರುಪಂದ್ಯಗಳನ್ನು ರದ್ದುಪಡಿಸಲಾಗಿದೆ. ಯೂರೋಪಿನ ಪಂದ್ಯಗಳು ಹೆಚ್ಚಿ, ದೊಡ್ಡ ಕ್ಲಬ್ಬುಗಳಿಗೆ ಬಿಡುವಿಲ್ಲವೆಂಬುದು ಇದಕ್ಕೆ ಕೊಟ್ಟ ಕಾರಣ. ತಮ್ಮನ್ನು ಕೇಳದೆಯೇ ಈ ನಿರ್ಧಾರ ಕೈಗೊಳ್ಳಲಾಯಿತೆಂದು ಕೆಳಹಂತದ ಅನೇಕ ಕ್ಲಬ್ಬುಗಳು ನೊಂದುಕೊಂಡವು.

ದೊಡ್ಡ ಮರಕ್ಕೆ ನೀರು ಬೇಕು, ನಿಜ. ಆದರೆ ಅದರ ಬುಡದ ಗಿಡಗಳಿಗೂ ಬಿಸಿಲು ಬೇಡವೆ? ಆಟದ ನಿಯಮಗಳನ್ನು ರೂಪಿಸುವಾಗ ಬಲ್ಲಿದರ ಮಾತಿನಷ್ಟೇ ಬಡವರ ಮಾತಿಗೂ ಬೆಲೆಯಿರಬೇಕು. ಎಲ್ಲ ತಂಡಗಳಿಗೂ ಗೆಲ್ಲುವ ಆಸೆ ಉಳಿದಿದ್ದರೆ ಮಾತ್ರ ಆಟವು ಆಟವಾಗಿರುತ್ತದೆ.