ಹೈಬ್ರಿಡ್ ಕಾರನ್ನು ತಂಪಾಗಿಡುವ ಬಗೆ

ಯಂತ್ರವಿರುವಲ್ಲಿ ಶಾಖವಿದ್ದೇ ಇರುತ್ತದೆ. ಆ ಶಾಖವನ್ನು ಹೊರಗೆ ಸಾಗಿಸದಿದ್ದರೆ ಎಂತಹ ಗಟ್ಟಿ ಯಂತ್ರವೂ ಬಹುಕಾಲ ಬಾಳಲಾರದು. ಸಾಧಾರಣ ಕಾರಿನಲ್ಲಿ ಎಂಜಿನ್ನಿನೊಳಗೆ ಹರಿಯುವ ಕೂಲಂಟ್ ಎಂಬ ದ್ರವವು ಶಾಖವನ್ನು ಹೀರಿಕೊಂಡು, ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಒಪ್ಪಿಸುತ್ತದೆ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಕೂಡಿ ನಡೆಸುವ ಹೈಬ್ರಿಡ್ ಕಾರಿನಲ್ಲಿಯಾದರೋ ಇಂತಹ ಏರ್ಪಾಡು ಒಂದಲ್ಲ, ಎರಡು. ಇವುಗಳ ಭಾಗಗಳನ್ನು ಮನೆಯಲ್ಲಿಯೇ ಬದಲಾಯಿಸಿಕೊಳ್ಳುವವರೂ ಇದ್ದಾರೆ. ಆ ಕೆಲಸಕ್ಕೆ ಕೈಬಲಕ್ಕಿಂತ ತಿಳಿವಳಿಕೆ ಹೆಚ್ಚು ಬೇಕೆಂಬುದನ್ನು ಒಂದು ನಿದರ್ಶನದಿಂದ ನೋಡೋಣ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್ ಹೈಬ್ರಿಡ್ ಕಾರುಗಳಲ್ಲಿ ಪ್ರಸಿದ್ಧವಾದುದು. 2003ರಲ್ಲಿ ಬಂದ ಅದರ ಎರಡನೆಯ ಮಾದರಿಯ ಬ್ಯಾಟರಿಯಲ್ಲಿ 1.2 ವೋಲ್ಟಿನ 168 ಕೋಶಗಳಿವೆ, ಒಟ್ಟು 201.6 ವೋಲ್ಟ್. ನಮ್ಮ ಮನೆಗಳಲ್ಲಿ ವಿದ್ಯುತ್ತು ಹೋದಾಗ ದೀಪ ಉರಿಸುವ ಇನ್‌ವರ್ಟರನ್ನು ನೀವು ಬಲ್ಲಿರಿ. ಬ್ಯಾಟರಿಯ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಅಂತಹುದೇ ಉಪಕರಣ ಈ ಕಾರಿನಲ್ಲಿಯೂ ಇದೆ. ಅದೂ ಮೋಟಾರುಗಳೂ ಬಹಳ ಕಾಯುವುದರಿಂದ, ಅವಕ್ಕೆಂದೇ ಪ್ರತ್ಯೇಕ ಕೊಳವೆಗಳು, ಪ್ರತ್ಯೇಕ ದ್ರವ, ಒಂದು ಸಣ್ಣ ವಿದ್ಯುತ್ ಪಂಪು.

ಈ ಪಂಪು ನಿಂತರೆ ಇನ್‌ವರ್ಟರ್ ಕಾದು, ಎಚ್ಚರಿಕೆಯ ದೀಪ ಹತ್ತಿ, ಕಾರು ನಡುದಾರಿಯಲ್ಲಿ ನಿಲ್ಲಬಹುದು. ಈ ಕಾರಣಕ್ಕಾಗಿಯೇ 2012ರಲ್ಲಿ ತಯಾರಕರು ಅನೇಕ ಕಾರುಗಳನ್ನು ಹಿಂದಕ್ಕೆ ಕರೆಸಿ ಪಂಪನ್ನು ಬದಲಾಯಿಸಿಕೊಟ್ಟರು. ಪರೀಕ್ಷೆ ಸರಳವಾದುದು. ತಣ್ಣಗಿರುವ ಕಾರನ್ನು ಚಾಲನೆಗೆ ಸಿದ್ಧಗೊಳಿಸಿ, ಇನ್‌ವರ್ಟರಿನ ಕೂಲಂಟ್ ಪಾತ್ರೆಯೊಳಗೆ ನೋಡಬೇಕು. ದ್ರವವು ಕಲಕುತ್ತಿದ್ದರೆ ಪಂಪು ನಡೆಯುತ್ತಿದೆ. ನಿಶ್ಚಲವಾಗಿದ್ದರೆ ಪಂಪನ್ನು ಸಂಶಯಿಸಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಅರಿಯಬೇಕಾದ ಮುಖ್ಯ ಸಂಗತಿಯೊಂದಿದೆ: ಈ ಕಾರಿನ ಮೌನವನ್ನು ನಂಬಬಾರದು. ಸದ್ದಿಲ್ಲದೆ ನಿಂತಿದ್ದರೂ ಅದು ಚಾಲನೆಗೆ ಸಿದ್ಧವಾಗಿರಬಹುದು. ಎಂಜಿನ್ನು ತಾನಾಗಿ ಹೊರಡಬಹುದು. ಆದುದರಿಂದ ಕಾರನ್ನು ಪೂರ್ಣವಾಗಿ ಆರಿಸಿ, ಕೀಲಿಯನ್ನು ದೂರವಿಟ್ಟು, 12 ವೋಲ್ಟಿನ ಸಣ್ಣ ಬ್ಯಾಟರಿಯ ಸಂಪರ್ಕವನ್ನು ಬಿಡಿಸುತ್ತಾರೆ. ಪಂಪು ನಡೆಯುವುದು ಈ 12 ವೋಲ್ಟಿನಿಂದಲೇ. ಕಿತ್ತಳೆ ಬಣ್ಣದ ತಂತಿಗಳಾದರೋ ಪ್ರಾಣಾಪಾಯವುಂಟುಮಾಡುವ ಅಧಿಕ ವಿದ್ಯುತ್ತಿನವು. ತರಬೇತಿಯಿಲ್ಲದವರು ಅವನ್ನು ಮುಟ್ಟಲೇಕೂಡದು.

ಎಂಜಿನ್ನಿನ ಕೂಲಂಟ್ ಬದಲಾಯಿಸುವಾಗ ಇನ್ನೊಂದು ಎಚ್ಚರ ಬೇಕು. ಅಮೆರಿಕದಲ್ಲಿ ಮಾರಾಟವಾದ ಈ ಮಾದರಿಯಲ್ಲಿ, ಚಹ ಬಿಸಿಯಾಗಿಡುವ ಫ್ಲಾಸ್ಕಿನಂತಹ ಪಾತ್ರೆಯೊಂದಿದ್ದು, ಬಿಸಿ ಕೂಲಂಟನ್ನು ಮೂರು ದಿನಗಳವರೆಗೂ ಕಾಪಾಡುತ್ತದೆ. ಎಂಜಿನ್ನು ತಣ್ಣಗಾಯಿತೆಂದು ಕೊಳವೆ ಬಿಚ್ಚಿದವನ ಕೈ ಸುಡಬಹುದು!

ಹಳೆಯ ದ್ರವವನ್ನು ಇಳಿಸಿ, ಕೊಳವೆಗಳನ್ನು ಬಿಡಿಸಿ, ಹೊಸ ಪಂಪನ್ನು ಕೂಡಿಸುವುದು ಅಷ್ಟು ಕಷ್ಟವಲ್ಲ. ನಿಜವಾದ ತಾಳ್ಮೆ ಬೇಕಾಗುವುದು ಅನಂತರ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ದ್ರವ ಸರಿಯಾಗಿ ಹರಿಯದು. ಹೊಸ ಪಂಪೂ ವ್ಯರ್ಥವಾಗುತ್ತದೆ. ಅದಕ್ಕಾಗಿ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ನಿಧಾನವಾಗಿ ದ್ರವ ತುಂಬಿ, ತಿರುಪನ್ನು ಬಿಗಿದ ಮೇಲೆ ಪಂಪನ್ನು ನಡೆಸಿ, ಮಟ್ಟ ಇಳಿದಂತೆಲ್ಲ ಮತ್ತೆ ತುಂಬುತ್ತಾರೆ. ಗುಳ್ಳೆಗಳು ನಿಂತು ಮಟ್ಟ ಸ್ಥಿರವಾಗುವವರೆಗೆ ಕೆಲಸ ಮುಗಿದಂತಲ್ಲ. ತಯಾರಕರು ಹೇಳಿದ ಗುಲಾಬಿ ಬಣ್ಣದ ದ್ರವವನ್ನೇ ಬಳಸಬೇಕು. ನಲ್ಲಿಯ ನೀರನ್ನು ಬೆರೆಸಿದರೆ ಅದರ ಲವಣಗಳು ಒಳಗೆ ಪೊರೆಗಟ್ಟುತ್ತವೆ.

ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಚೆಲ್ಲಿದ್ದನ್ನು ಕೂಡಲೇ ಒರೆಸಬೇಕು. ಇಳಿಸಿದ್ದನ್ನು ಚರಂಡಿಗೆ ಸುರಿಯದೆ, ಮುಚ್ಚಿದ ಡಬ್ಬಿಯಲ್ಲಿಟ್ಟು ಕಾರ್ಯಾಗಾರಕ್ಕೆ ಒಪ್ಪಿಸಬೇಕು. ಇಲ್ಲವಾದರೆ ಎಳೆಯ ಮಕ್ಕಳಿಗೂ ಬೀದಿಯ ನಾಯಿ ಬೆಕ್ಕುಗಳಿಗೂ ಅಪಾಯ.

ವಿದ್ಯಾರ್ಥಿ ಮಿತ್ರರೇ, ಇದು ನೀವು ಒಬ್ಬರೇ ಮಾಡತಕ್ಕ ಕೆಲಸವಲ್ಲ. ಬಲ್ಲವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿರಿ, ಪ್ರಶ್ನಿಸಿರಿ. ಶಾಖ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹೊರಟಿತು ಎಂಬುದನ್ನು ನೀವೇ ಗುರುತಿಸಬಲ್ಲಿರಾದರೆ, ತರಗತಿಯಲ್ಲಿ ಓದಿದ ಭೌತಶಾಸ್ತ್ರವು ನಿಮ್ಮದಾಯಿತೆಂದು ನಾವು ಭಾವಿಸುತ್ತೇವೆ.